ಗ್ಯಾರೇಜಿನ ಹಿಡಿಸೂಡಿ: ಮನೆಯಲ್ಲಿ ಸೀಸ ಕರಗಿಸಿದ ಒಂದು ಪ್ರಕರಣ

ಮೊದಲು ಅಂಕಿ ಹೇಳಿಬಿಡುತ್ತೇನೆ. 22 ತಿಂಗಳ ಮಗಳ ರಕ್ತದಲ್ಲಿ ಸೀಸ 8.4. ಅಪ್ಪನದು 27. ಅಮ್ಮನದು 4ರ ಆಸುಪಾಸು. ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸ ಇದೆ ಅನ್ನುವ ಲೆಕ್ಕ ಇದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ಮಕ್ಕಳಿಗೆ 3.5 ಅನ್ನು ಎಚ್ಚರಿಕೆಯ ಗೆರೆ ಅಂತ ಇಟ್ಟಿದೆ. ಅದಕ್ಕೂ ಮೊದಲು 5 ಇತ್ತು. ಹಾಗಂತ ಗೆರೆಯ ಕೆಳಗಿದ್ದರೆ ಕ್ಷೇಮ ಅಂತಲ್ಲ. ಮಕ್ಕಳಿಗೆ ಇಷ್ಟು ಸೀಸ ಇದ್ದರೂ ಪರವಾಗಿಲ್ಲ ಅನ್ನುವ ಅಂಕಿ ಯಾರ ಹತ್ತಿರವೂ ಇಲ್ಲ.

ಮನೆ ಓಹಾಯೋ ರಾಜ್ಯದ ಕೊಲಂಬಸ್ ಹತ್ತಿರ. ಅಪ್ಪ ವಿರಾಜಪೇಟೆ ಕಡೆಯವರು, ಮೆಕ್ಯಾನಿಕಲ್ ಎಂಜಿನಿಯರ್. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ. ಫ್ಯಾಕ್ಟರಿಗಳಿಗೆ ಹೋಗಿ ಕೆಲಸಗಾರರು ಉಸಿರಾಡುವ ಗಾಳಿಯಲ್ಲಿ ಏನೇನಿದೆ ಅಂತ ಅಳೆಯುವುದು ನನ್ನ ಕೆಲಸ. 2023ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಅಣ್ಣನ ಫೋನ್ ಬಂತು. "ಮಾರಾಯ್ತಿ, ಪಾಪುದು ಬ್ಲಡ್ ರಿಪೋರ್ಟ್ ಬಂದಿದೆ. ನೀನು ಒಮ್ಮೆ ನೋಡ್ತೀಯಾ?"

ಮೊದಲ ಪರೀಕ್ಷೆ ಬೆರಳು ಚುಚ್ಚಿ ತೆಗೆದ ರಕ್ತದ್ದು. ಅದರಲ್ಲಿ 11 ಬಂದಿತ್ತು. ಬೆರಳ ತುದಿಯಲ್ಲಿ ಚೂರು ಸೀಸದ ಧೂಳು ಅಂಟಿದ್ದರೂ ಈ ಅಂಕಿ ಏರುತ್ತದೆ. ಅದಕ್ಕೇ ಡಾಕ್ಟರು ತೋಳಿನ ನರದಿಂದ ರಕ್ತ ತೆಗೆದು ಮತ್ತೆ ನೋಡಿದ್ದರು. ಆಗ 8.4. ಬೆರಳಿಗೂ ತೋಳಿಗೂ ನಡುವೆ ಇಷ್ಟು ಅಂತರ ಕಂಡಾಗಲೇ ಮಗುವಿನ ಕೈಮೇಲೆ ಸೀಸ ಕೂತಿದೆ ಅಂತ ನನಗೆ ಹೊಳೆಯಬೇಕಿತ್ತು. ಹೊಳೆದಿದ್ದು ಆಮೇಲೆ.

ಕೌಂಟಿ ಆರೋಗ್ಯ ಇಲಾಖೆಯ ನರ್ಸ್ ಫೋನ್ ಮಾಡಿ ಪ್ರಶ್ನೆಗಳ ಪಟ್ಟಿ ಓದಿದರಂತೆ. ಮನೆ ಯಾವ ವರ್ಷದ್ದು? 1994ರದ್ದು. ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಬಣ್ಣವನ್ನು 1978ರಲ್ಲೇ ನಿಲ್ಲಿಸಿದ್ದರಿಂದ ಗೋಡೆಯ ಮೇಲಿನ ಅನುಮಾನ ಹೋಯಿತು. ಮುಂದಿನ ಪ್ರಶ್ನೆಗಳು ಅಡುಗೆಮನೆಗೆ ಬಂದವು. ಅರಿಶಿನ ಎಲ್ಲಿಂದ ತರ್ತೀರಿ, ಮಗುವಿಗೆ ಕಾಡಿಗೆ ಹಚ್ತೀರಾ, ಕುಂಕುಮ ಯಾವುದು, ಹಿತ್ತಾಳೆ ಪಾತ್ರೆ ಇದೆಯಾ. ಅತ್ತಿಗೆಗೆ ಸಿಟ್ಟು ಬಂದಿತ್ತು. "ನಮ್ಮ ಹೆಸರು ನೋಡಿ ಅರಿಶಿನಕ್ಕೇ ಕೈ ಹಾಕ್ತಾರೆ" ಅಂದರು. ಸಿಟ್ಟು ನ್ಯಾಯವೇ, ಆದರೆ ಪ್ರಶ್ನೆಗಳಲ್ಲೂ ತಪ್ಪಿರಲಿಲ್ಲ. ಹಳದಿ ಹೆಚ್ಚಿಸಲು ಅರಿಶಿನಕ್ಕೆ ಲೆಡ್ ಕ್ರೋಮೇಟ್ ಬೆರೆಸುವುದು ನಿಜವಾಗಿಯೂ ನಡೆಯುತ್ತದೆ. ಕೆಲವು ಕಾಡಿಗೆಗಳಲ್ಲಿ ಸೀಸವೇ ಮುಖ್ಯ ಸಾಮಾನು. ಕಲಾಯಿಗೆ ಬಳಸುವ ತವರದಲ್ಲೂ ಸೀಸ ಬೆರೆತಿರಬಹುದು. ಹಾಗಾಗಿ ಅರಿಶಿನ, ಕಾಡಿಗೆ, ಹಿತ್ತಾಳೆ ಚೊಂಬು ಮೂರನ್ನೂ ಪರೀಕ್ಷೆಗೆ ಕಳಿಸಿದೆವು. ಮೂರರಲ್ಲೂ ಏನೂ ಸಿಗಲಿಲ್ಲ.

ಪಟ್ಟಿಯ ಕೊನೆಗೆ ಒಂದು ಪ್ರಶ್ನೆ ಇತ್ತು: ಮನೆಯಲ್ಲಿ ಯಾರಿಗಾದರೂ ಮೀನು ಹಿಡಿಯುವ, ಗುಂಡು ಹೊಡೆಯುವ ಹವ್ಯಾಸ ಇದೆಯಾ? ಅತ್ತಿಗೆ ಉತ್ತರ ಹೇಳದೆ ಅಣ್ಣನ ಮುಖ ನೋಡಿದರಂತೆ.

ಕೊಡಗಿನವರಿಗೂ ಕೋವಿಗೂ ಇರುವ ನಂಟು ನಮ್ಮ ಓದುಗರಿಗೆ ಗೊತ್ತಿರುವುದೇ. ಸೆಪ್ಟೆಂಬರ್ 3ರ ಆಸುಪಾಸು ಬರುವ ಕೈಲ್‌ಪೊದ್ ಹಬ್ಬಕ್ಕೆ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಇನ್ನೂ 10 ವರ್ಷಕ್ಕೆ ಮುಂದುವರಿಸಿದರು. ಅದು ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಹಾಗಾಗಿ ಇಲ್ಲಿ ಓದಿದ್ದನ್ನು ಊರಲ್ಲಿ ಮಾಡಲು ಯಾರೂ ಹೊರಡಬೇಡಿ.

ಅಮೆರಿಕದಲ್ಲಿ ಲೆಕ್ಕ ಬೇರೆ. ಸ್ವಂತ ಬಳಕೆಗೆ ಮನೆಯಲ್ಲೇ ಗುಂಡು ಎರಕ ಹೊಯ್ದುಕೊಳ್ಳುವುದು ಅಲ್ಲಿ ಹಳೆಯ ಹವ್ಯಾಸ. ಅಣ್ಣ ಗ್ರೀನ್ ಕಾರ್ಡ್ ಸಿಗುವವರೆಗೆ ಕಾದರು. ಆಮೇಲೆ ಶೂಟಿಂಗ್ ಕ್ಲಬ್ ಸೇರಿದರು. ವಾರಕ್ಕೆ ನೂರಿನ್ನೂರು ಗುಂಡು ಹೊಡೆಯುವವರಿಗೆ ಅಂಗಡಿಯ ಬೆಲೆ ಕೈ ಕಚ್ಚುತ್ತದೆ. ಕ್ಲಬ್ಬಿನ ಹಿರಿಯರೊಬ್ಬರು ದಾರಿ ತೋರಿಸಿದರು: ಟೈರ್ ಅಂಗಡಿಯಿಂದ ಹಳೇ ವೀಲ್ ವೇಟ್ ತಗೋ, ಕರಗಿಸು, ಅಚ್ಚಿಗೆ ಹೊಯ್ಯಿ.

ವೀಲ್ ವೇಟ್ ಅಂದರೆ ಚಕ್ರ ಬ್ಯಾಲೆನ್ಸ್ ಮಾಡುವಾಗ ರಿಮ್ಮಿಗೆ ಸಿಕ್ಕಿಸುತ್ತಾರಲ್ಲ, ಆ ಬೆರಳುದ್ದದ ತುಂಡು. ರಿಮ್ಮಿಗೆ ಕ್ಲಿಪ್ ಹಾಕಿ ಕೂರಿಸುವ ಹಳೆಯ ತುಂಡುಗಳಲ್ಲಿ ಸೀಸದ ಜೊತೆ ನೂರಕ್ಕೆ ಮೂರರಷ್ಟು ಆಂಟಿಮನಿ, ಚಿಟಿಕೆ ತವರ ಇರುತ್ತದೆ. ಆಂಟಿಮನಿಯಿಂದ ಗುಂಡಿಗೆ ಗಟ್ಟಿತನ ಬರುತ್ತದೆ. ಅಂಟಿಸುವ ಬಗೆಯವು ಹೆಚ್ಚುಕಡಿಮೆ ಬರೀ ಸೀಸ, ಮೆತ್ತಗೆ. ಈಗ ಸೀಸದ ತುಂಡು ಸಿಗುವುದೇ ಕಮ್ಮಿ. ಯುರೋಪಿನಲ್ಲಿ 2005ರಿಂದ, ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಸೀಸದ ವೀಲ್ ವೇಟ್ ಇಲ್ಲ. ಓಹಾಯೋದ ಬಕೆಟ್ಟಿನಲ್ಲೂ ಸತು ಮತ್ತು ಕಬ್ಬಿಣದ್ದೇ ಜಾಸ್ತಿ. ಅಣ್ಣ ತಂದ 60 ಕಿಲೋ ಬಕೆಟ್ಟಿನಲ್ಲಿ ಸೀಸ ಸಿಕ್ಕಿದ್ದು 26 ಕಿಲೋ. ಅವರು ಹೊಯ್ಯುತ್ತಿದ್ದದ್ದು 200 ಗ್ರೇನ್ ಗುಂಡು, ಅಂದರೆ ಒಂದೊಂದು 13 ಗ್ರಾಂ. ಎರಡು ಸಾವಿರ ಗುಂಡಿಗೆ ಆಗುವಷ್ಟು ಮಾಲು.

ಬೇರ್ಪಡಿಸುವುದರಲ್ಲಿ ಅಣ್ಣ ಪಕ್ಕಾ ಎಂಜಿನಿಯರ್. ಒಂದೊಂದನ್ನೂ ಕಟಿಂಗ್ ಪ್ಲೇಯರ್‌ನಿಂದ ಕಚ್ಚಿ ನೋಡುತ್ತಿದ್ದರು. ಸೀಸಕ್ಕೆ ಹಲ್ಲು ಇಳಿಯುತ್ತದೆ, ಸತುವಿಗೆ ಇಳಿಯುವುದಿಲ್ಲ. ಕಣ್ತಪ್ಪಿ ಉಳಿದ ಸತುವಿಗೆ ಇನ್ನೊಂದು ಜರಡಿ ಇದೆ: ಬೆಂಕಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತು ಕರಗಲು ಸುಮಾರು 420 ಬೇಕು. ಕಡಾಯಿಯನ್ನು 370 ದಾಟಲು ಬಿಡದಿದ್ದರೆ ಸತುವಿನ ತುಂಡು, ಕಬ್ಬಿಣದ ಕ್ಲಿಪ್ಪು ಎಲ್ಲ ಮೇಲೆ ತೇಲುತ್ತವೆ. ತೂತಿನ ಸೌಟಿನಲ್ಲಿ ಎತ್ತಿ ಹಾಕಿದರಾಯಿತು. ಸತು ಸೇರಿಬಿಟ್ಟರೆ ಇಡೀ ಕಡಾಯಿ ರವೆ ಗಂಜಿಯ ಹಾಗೆ ಆಗುತ್ತದೆ, ಅಚ್ಚಿನ ಮೂಲೆಗೆ ಇಳಿಯುವುದೇ ಇಲ್ಲ. ನೀರಿನ ಭಯವೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕರಗಿದ ಸೀಸದ ಒಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಸಾವಿರದೇಳುನೂರು ಪಟ್ಟು ಹಿಗ್ಗಿ ಆವಿಯಾಗುತ್ತದೆ, ಕಡಾಯಿಯಲ್ಲಿದ್ದ ಸೀಸ ಸೂರಿಗೆ ಹಾರುತ್ತದೆ. ಅದಕ್ಕೇ ತುಂಡುಗಳನ್ನೆಲ್ಲ ತಣ್ಣನೆಯ ಕಡಾಯಿಗೆ ಹಾಕಿದ ಮೇಲೇ ಒಲೆ ಹಚ್ಚುತ್ತಿದ್ದರು. ಕಾದ ಕಡಾಯಿಗೆ ಒಂದು ತುಂಡನ್ನೂ ಸೇರಿಸುತ್ತಿರಲಿಲ್ಲ.

ಹೊಗೆಗೆ ಇನ್ನೂ ದೊಡ್ಡ ಏರ್ಪಾಡು. ಗ್ಯಾರೇಜಿನ ಕಿಟಕಿಗೆ ಎಕ್ಸಾಸ್ಟ್ ಫ್ಯಾನ್, ಒಲೆ ಬಾಗಿಲ ಪಕ್ಕ, ಮುಖಕ್ಕೆ ಮಾಸ್ಕ್. ಕರಗಿದ ಸೀಸಕ್ಕೆ ಮರದ ಹೊಟ್ಟು ಅಥವಾ ಮೇಣ ಹಾಕಿ ಕಲಸುತ್ತಾರೆ, ಆಗ ಆಕ್ಸೈಡ್ ಆದ ತವರ ಮತ್ತೆ ಲೋಹವಾಗುತ್ತದೆ, ಕೊಳೆ ಮೇಲೆ ಬರುತ್ತದೆ. ಆ ಹೊತ್ತಿಗೆ ಏಳುವ ಹೊಗೆ ದಟ್ಟ, ವಾಸನೆಯೂ ಜೋರು. ಅದನ್ನು ನೋಡಿ ಅಣ್ಣನಿಗೆ ಊರಿನ ಕಲಾಯಿ ನೆನಪಾಗುತ್ತಿತ್ತಂತೆ. ನನಗೂ ಆ ನೆನಪಿದೆ. ಕಲಾಯಿಯವರು ಅಂಗಳದಲ್ಲಿ ಕುಳಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಉಜ್ಜಿದಾಗ ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. "ಹೊಗೆ ಕುಡೀಬೇಡಿ, ದೂರ ಬನ್ನಿ" ಅಂತ ಅಮ್ಮ ಕೂಗುತ್ತಿದ್ದರು. ಕಣ್ಣಿಗೆ ಕಂಡಿದ್ದೇ ಅಪಾಯ ಅಂತ ನಾವೆಲ್ಲ ಕಲಿತಿದ್ದು ಹೀಗೆ.

ಸೀಸ ಕುದಿಯುವುದು 1749 ಡಿಗ್ರಿಗೆ. 370 ಡಿಗ್ರಿಯ ಕಡಾಯಿಯಿಂದ ಸೀಸದ ಆವಿ ಏಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಫ್ಯಾನು ಎಳೆಯುತ್ತಿದ್ದದ್ದು ಬಹುಪಾಲು ಮೇಣದ ಹೊಗೆ. ಹಾಗಾದರೆ ಸೀಸ ಎಲ್ಲಿತ್ತು?

ಆ ಶನಿವಾರ ಅತ್ತಿಗೆ, ಪಾಪು ಇಬ್ಬರನ್ನೂ ಡೇಟನ್‌ನ ನೆಂಟರ ಮನೆಗೆ ಕಳಿಸಿದೆವು. ಒಂದೇ ಒಂದು ಸಲ, ಮಾಮೂಲಿಯಾಗಿ ಮಾಡುವ ಹಾಗೆಯೇ ಎಲ್ಲವನ್ನೂ ಮಾಡಿ ತೋರಿಸಿ ಅಂದೆ. ಇಬ್ಬರೂ ಒಳ್ಳೆಯ ಫಿಲ್ಟರಿನ ಮಾಸ್ಕ್ ಹಾಕಿಕೊಂಡೆವು. ಅಣ್ಣನ ಕಾಲರಿಗೆ ಒಂದು ಪುಟ್ಟ ಫಿಲ್ಟರ್ ಡಬ್ಬಿ ಸಿಕ್ಕಿಸಿ, ಸೊಂಟಕ್ಕೆ ಗಾಳಿ ಎಳೆಯುವ ಪಂಪು ಕಟ್ಟಿದೆ. ಕೆಲಸ ಬದಲಾದ ಹಾಗೆಲ್ಲ ಫಿಲ್ಟರ್ ಬದಲಾಯಿಸಿದೆ.

ಮೊದಲ ಒಂದೂವರೆ ಗಂಟೆ ಗುಂಡು ಹೊಯ್ಯುವುದು. ನೋಡಲು ಚೆಂದದ ಕೆಲಸ. ಅಚ್ಚಿಗೆ ಬೆಳ್ಳಿಯ ಹಾಗೆ ಸೀಸ ಇಳಿಯುತ್ತದೆ, ನಾಲ್ಕೈದು ಸೆಕೆಂಡಿಗೆ ಮೇಲಿನ ಹೊಳಪು ಮಸುಕಾಗುತ್ತದೆ, ಮರದ ಸುತ್ತಿಗೆಯಿಂದ ಟಕ್ ಅಂತ ತಟ್ಟಿದರೆ ಎರಡು ಗುಂಡು ಟವೆಲ್ ಮೇಲೆ ಬೀಳುತ್ತವೆ. ಎರಡನೆಯದು ಹೊಸ ಸ್ಕ್ರ್ಯಾಪ್ ಕರಗಿಸುವುದು. ಮೇಲೆ ಕಟ್ಟಿದ ಕಿಟ್ಟವನ್ನು ಸೌಟಿನಲ್ಲಿ ಕೆರೆದು ಅಣ್ಣ ಒಂದು ಹಳೇ ಪೇಂಟ್ ಡಬ್ಬಕ್ಕೆ ಸುರಿದರು. ಬೂದು ಬಣ್ಣದ, ಅಲ್ಲಲ್ಲಿ ಹಳದಿ ಮಿಂಚುವ ಪುಡಿ. ಸುರಿಯುವಾಗ ಗೋಧಿ ಹಿಟ್ಟು ಸುರಿದ ಹಾಗೆ ತೆಳ್ಳಗೆ ಒಂದು ಮೋಡ ಎದ್ದು ಕೂತಿತು. ಉಳಿದ ಸೀಸವನ್ನು ಮಫಿನ್ ತಟ್ಟೆಗೆ ಹೊಯ್ದು ಗಟ್ಟಿ ಮಾಡಿದರು. ಅಚ್ಚುಕಟ್ಟಾದ ಹನ್ನೆರಡು ಸೀಸದ ಮಫಿನ್.

ಆಮೇಲೆ ಮೂಲೆಯಿಂದ ಹಿಡಿಸೂಡಿ ತಂದರು. ತೆಂಗಿನ ಕಡ್ಡಿಯದು, ಅತ್ತಿಗೆ ಮಂಗಳೂರಿನಿಂದ ಸೂಟ್‌ಕೇಸಿನಲ್ಲಿ ಅಡ್ಡಡ್ಡ ಇಟ್ಟು ತಂದಿದ್ದು. ಇಲ್ಲಿನ ಪ್ಲಾಸ್ಟಿಕ್ ಪೊರಕೆಯಲ್ಲಿ ಕಸ ಸರಿಯಾಗಿ ಹೋಗುವುದಿಲ್ಲ ಅಂತ ಗ್ಯಾರೇಜಿಗೂ ಅದೇ. ಹದಿನೈದು ನಿಮಿಷ ಸರ್ ಸರ್ ಅಂತ ಗುಡಿಸಿದರು. ಸಂಜೆಯ ಬಿಸಿಲು ಬಾಗಿಲಿನಿಂದ ಓರೆಯಾಗಿ ಬರುತ್ತಿತ್ತು. ಆ ಬಿಸಿಲಿನಲ್ಲಿ ಮಾತ್ರ ಧೂಳು ಕಾಣುತ್ತಿತ್ತು. ನೆರಳಿನಲ್ಲಿ ಏನೂ ಇಲ್ಲ.

ಹತ್ತು ದಿನದ ನಂತರ ಲ್ಯಾಬಿನಿಂದ ಅಂಕಿ ಬಂತು. ಗುಂಡು ಹೊಯ್ಯುವಾಗ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಸೀಸ. ಕಿಟ್ಟ ಕೆರೆದು ಸುರಿಯುವಾಗ 70. ಗುಡಿಸುವಾಗ 410. ಅಮೆರಿಕದ ಫ್ಯಾಕ್ಟರಿಗಳಲ್ಲಿ ಎಂಟು ಗಂಟೆಯ ಸರಾಸರಿ 50 ದಾಟಬಾರದು. ಇದು ಒಂದೇ ಗ್ಯಾರೇಜಿನ ಒಂದೇ ದಿನದ ಅಳತೆ. ಎಲ್ಲರ ಮನೆಗೂ ಇದನ್ನೇ ಹಾಕಲು ಬರುವುದಿಲ್ಲ. ಆದರೆ ಮೂರು ಅಂಕಿಗಳು ಸಾಲಾಗಿ ನಿಂತ ರೀತಿ ನೋಡಿ ಅಣ್ಣ ಸುಮಾರು ಹೊತ್ತು ಮಾತಾಡಲಿಲ್ಲ. ಗುಡಿಸುವ ಹೊತ್ತಿಗೆ ಅವರು ದಿನಾ ಮಾಸ್ಕ್ ತೆಗೆದಿಡುತ್ತಿದ್ದರು. ಕೆಲಸ ಮುಗಿಯಿತಲ್ಲ ಅಂತ.

ಅಪ್ಪನ 27ಕ್ಕೆ ಇಷ್ಟು ಸಾಕು. ಜೊತೆಗೆ ಬೆಂಚಿನ ಮೇಲೆ ಒಂದು ಚಕ್ಕುಲಿ ಡಬ್ಬವೂ ಇತ್ತು. ಗುಂಡು ಆರುವವರೆಗೆ ಒಂದು ಚಕ್ಕುಲಿ, ಒಂದು ಗುಟುಕು ಕಾಫಿ. ಬೆರಳಿನಿಂದ ಬಾಯಿಗೆ ನೇರ ದಾರಿ. ಆದರೆ ಪಾಪು ಗ್ಯಾರೇಜಿಗೆ ಕಾಲಿಟ್ಟಿರಲೇ ಇಲ್ಲ. ಆ ಬಾಗಿಲಿಗೆ ಮೇಲೆ ಚಿಲಕ ಇತ್ತು.

ಒದ್ದೆ ಬಟ್ಟೆಯಂಥ ವೈಪ್‌ನಲ್ಲಿ ಒಂದು ಚದರ ಅಡಿ ಜಾಗ ಒರೆಸಿ ಲ್ಯಾಬಿಗೆ ಕಳಿಸುವ ಪದ್ಧತಿ ಇದೆ. ಹನ್ನೊಂದು ಕಡೆ ಒರೆಸಿದೆ. ಹಿಡಿಸೂಡಿ ಇಡುತ್ತಿದ್ದ ಮೂಲೆಯಲ್ಲಿ ನಾಲ್ಕು ಸಾವಿರ ಮೈಕ್ರೋಗ್ರಾಂ ದಾಟಿತ್ತು, ಅದರಲ್ಲಿ ಆಶ್ಚರ್ಯವಿಲ್ಲ. ಅಡುಗೆಮನೆಯ ನೆಲದಲ್ಲಿ 14. ಮನೆಯ ನೆಲಕ್ಕೆ ಆಗ ಇದ್ದ ಸರ್ಕಾರಿ ಮಿತಿ 10. ಇವೆರಡರ ನಡುವೆ ಒಂದು ಪುಟ್ಟ ಕೋಣೆ ಇದೆ. ಬಟ್ಟೆ ಒಗೆಯುವ ಮಿಷನ್ನು, ಪಕ್ಕದಲ್ಲಿ ಚಪ್ಪಲಿ ಸ್ಟ್ಯಾಂಡು, ಕೆಳಗೊಂದು ಮ್ಯಾಟು. ಆ ಮ್ಯಾಟಿನಲ್ಲಿ 310.

ನಮ್ಮವರ ಮನೆಗಳಲ್ಲಿ ಚಪ್ಪಲಿ, ಶೂ ಹಾಕಿಕೊಂಡು ಒಳಗೆ ಬರುವುದಿಲ್ಲ. ಒಳ್ಳೆಯ ಅಭ್ಯಾಸವೇ. ಆದರೆ ಬಿಡುವ ಜಾಗ ಬಾಗಿಲಿನ ಒಳಗಡೆ ಇತ್ತು. ಗ್ಯಾರೇಜಿನ ಶೂ ಬಿಚ್ಚಿ ಆ ಮ್ಯಾಟಿನ ಮೇಲೆ ಕೊಡವಿ, ಸ್ಟ್ಯಾಂಡಿಗೆ ಇಡುತ್ತಿದ್ದರು. ಪಾಪುವಿಗೆ ಆ ವಯಸ್ಸಿನಲ್ಲಿ ಲೋಕದ ದೊಡ್ಡ ಆಟ ಅಂದರೆ ಅಪ್ಪನ ಶೂ ಒಳಗೆ ತನ್ನೆರಡೂ ಕಾಲು ಹಾಕಿ ನಡೆಯುವುದು. ಬಿದ್ದಾಗ ಕೈ ಊರುವುದು ಮ್ಯಾಟಿನ ಮೇಲೆ. ಆಮೇಲೆ ಆ ಕೈ ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳನ್ನು ಸಾಕಿದವರಿಗೆ ಹೇಳಬೇಕಾಗಿಲ್ಲ. ಅತ್ತಿಗೆಯ ಫೋನಿನಲ್ಲಿ ಆ ಆಟದ ವಿಡಿಯೋ ಏಳೆಂಟು ಇದ್ದವು. ಊರಿಗೆಲ್ಲ ಕಳಿಸಿದ್ದವು. ನಾನೂ ನೋಡಿ ನಕ್ಕಿದ್ದೆ.

ಗ್ಯಾರೇಜಿನ ಪ್ಯಾಂಟು ಶರ್ಟು ಪಾಪುವಿನ ಬಟ್ಟೆಯ ಜೊತೆಗೇ ಮಿಷನ್ನಿಗೆ ಬೀಳುತ್ತಿದ್ದವು. ಕಾರಿನ ಡ್ರೈವರ್ ಕಾಲಡಿಯ ಮ್ಯಾಟಿನಲ್ಲೂ ಧೂಳು ಇತ್ತು. ಅವೂ ಸೇರಿರಬಹುದು. ಆದರೆ ನನ್ನ ಲೆಕ್ಕದಲ್ಲಿ ಮಗುವಿನ 8.4ರ ಮುಕ್ಕಾಲು ಪಾಲು ಆ ಮ್ಯಾಟಿನದೇ.

ಸೆನೆಗಲ್ ದೇಶದ ಡಕಾರ್ ಹತ್ತಿರದ ಥಿಯಾರೊಯೆ-ಸುರ್-ಮೇರ್‌ನಲ್ಲಿ 2007ರ ಕೊನೆಯಿಂದ 2008ರ ಮಾರ್ಚ್ ವರೆಗೆ 18 ಮಕ್ಕಳು ಸತ್ತರು. ಅಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರು. ಸೀಸದ ಬೆಲೆ ಏರಿದಾಗ ಹೆಂಗಸರು ಅದೇ ಮಣ್ಣನ್ನು ಜರಡಿ ಹಿಡಿದು ಚೂರುಪಾರು ಆರಿಸಿ ಮಾರತೊಡಗಿದರು. ಜರಡಿಯ ಧೂಳು ಮನೆಯೊಳಕ್ಕೆ ಬಂತು. ನಮ್ಮ ಪ್ರಕರಣವನ್ನು ಅದರ ಪಕ್ಕ ಇಡುವುದು ಅತಿಯಾಯಿತು, ಗೊತ್ತು. ಧೂಳು ಹಿಡಿದ ದಾರಿ ಮಾತ್ರ ಎರಡು ಕಡೆಯೂ ಒಂದೇ.

ಚಿಕಿತ್ಸೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳಿಗೆ ಸೀಸ ಹೊರಹಾಕುವ ಔಷಧಿಯನ್ನು ಸಾಮಾನ್ಯವಾಗಿ 45 ದಾಟಿದ ಮೇಲೆ ಯೋಚಿಸುತ್ತಾರೆ. 8.4ಕ್ಕೆ ಔಷಧಿ ಇಲ್ಲ, ಮೂಲ ತೆಗೆಯಬೇಕು ಅಷ್ಟೆ. ಕಬ್ಬಿಣಾಂಶ, ಕ್ಯಾಲ್ಸಿಯಂ ಕಮ್ಮಿ ಇದ್ದರೆ ಮೈ ಸೀಸವನ್ನು ಜಾಸ್ತಿ ಹೀರಿಕೊಳ್ಳುತ್ತದೆ, ಊಟ ಸರಿಯಾಗಿ ಕೊಡಿ ಅಂದರು ಡಾಕ್ಟರು. ಅಜ್ಜಿ ಊರಿನಿಂದ ರಾಗಿ ಹುರಿಹಿಟ್ಟು ಕಳಿಸಿದರು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ ಇರುವುದು ನಿಜ. ಆದರೆ ರಾಗಿ ತಿಂದರೆ ಸೀಸ ಓಡಿಹೋಗುತ್ತದೆ ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ.

ಮ್ಯಾಟು, ಸ್ಟ್ಯಾಂಡು, ಶೂ ಹೊರಗೆ ಹೋದವು. ಮನೆಯಲ್ಲಿದ್ದ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಲು ಅತ್ತಿಗೆ ಹೊರಟಿದ್ದರು, ತಡೆದೆ. ಅದು ದಪ್ಪ ಕಸ ಹಿಡಿದು ನುಣ್ಣನೆ ಧೂಳನ್ನು ಹಿಂದಿನಿಂದ ಮತ್ತೆ ಗಾಳಿಗೇ ಊದುತ್ತದೆ. ನುಣ್ಣನೆ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರಿನದು ಬಾಡಿಗೆಗೆ ತಂದೆವು. ಆಮೇಲೆ ಒದ್ದೆ ಬಟ್ಟೆ, ಎರಡು ಬಕೆಟ್, ಮಂಡಿಯೂರಿ ಒರೆಸುವುದು. ಪ್ರತಿ ಮೂಲೆಗೂ ಹೊಸ ಬಟ್ಟೆ. ಮೂರು ವಾರಾಂತ್ಯ ಹಿಡಿಯಿತು. ಮೂರನೆಯ ಸಲ ಒರೆಸಿ ಕಳಿಸಿದಾಗ ಅಡುಗೆಮನೆಯಲ್ಲಿ 3, ಆ ಪುಟ್ಟ ಕೋಣೆಯಲ್ಲಿ 6.

ಪಾಪುವಿನ ಅಂಕಿ ಜುಲೈನಲ್ಲಿ 6.1. ಅಕ್ಟೋಬರಿಗೆ 4.2. ಮುಂದಿನ ಜನವರಿಗೆ 2.9. ಅಣ್ಣನದು ನಿಧಾನ. ದೊಡ್ಡವರ ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧವಾಗುತ್ತದೆ ಅಂತ ಪುಸ್ತಕದಲ್ಲಿದೆ. ಆದರೆ ಎಷ್ಟೋ ವರ್ಷದಿಂದ ಮೂಳೆಗೆ ಇಳಿದದ್ದು ಅಲ್ಲಿಂದ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಮರಳುತ್ತಿರುತ್ತದೆ. ಅದಕ್ಕೇ 27, 18, 14, ಒಂದು ವರ್ಷದ ನಂತರವೂ 10. ಫ್ಯಾಕ್ಟರಿ ಕೆಲಸಗಾರರನ್ನು ಸೀಸದ ಕೆಲಸದಿಂದ ಎತ್ತಲು ಅಮೆರಿಕದ 1978ರ ಕಾನೂನು ಇಟ್ಟ ಗೆರೆ ಸರಾಸರಿ 50. "ಹಾಗಾದ್ರೆ ನಾನು ಕಾನೂನಿನ ಪ್ರಕಾರ ಆರೋಗ್ಯವಂತ" ಅಂತ ಅಣ್ಣ ಒಮ್ಮೆ ನಗಾಡಿದರು. ಅತ್ತಿಗೆ ನಗಲಿಲ್ಲ.

ಎರಕ ಹೊಯ್ಯುವುದನ್ನು ಅಣ್ಣ ಬಿಟ್ಟರು. ಬಿಡಲೇಬೇಕು ಅಂತ ನಾನು ಹೇಳಿರಲಿಲ್ಲ. ಮನೆಗೆ ಅಂಟದ ಬೇರೆ ಶೆಡ್ಡು, ಅಲ್ಲೇ ಬಿಡುವ ಶೂ ಮತ್ತು ಮೇಲಂಗಿ, ಮುಚ್ಚಳ ಇರುವ ಕಿಟ್ಟದ ಡಬ್ಬ, ಪೊರಕೆಯ ಬದಲು ಒದ್ದೆ ಬಟ್ಟೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಅಂತ ಒಂದು ಪುಟ ಬರೆದುಕೊಟ್ಟಿದ್ದೆ. ಕ್ಲಬ್ಬಿನ ಹಿರಿಯರು ಆ ಪುಟದ ನಕಲು ತಗೊಂಡರಂತೆ. ಸೀಸದ ಮಫಿನ್‌ಗಳನ್ನೂ ಅವರೇ ತೂಕ ಹಾಕಿ ಒಯ್ದರು.

ಉಳಿದದ್ದು ಕಿಟ್ಟದ ಡಬ್ಬ, ಮ್ಯಾಟು, ಹಿಡಿಸೂಡಿ. ಅಪಾಯಕಾರಿ ಕಸ ತೆಗೆದುಕೊಳ್ಳುವ ಕೇಂದ್ರಕ್ಕೆ ಮೂರನ್ನೂ ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ದೆವು. ಅಲ್ಲಿನ ಹುಡುಗ ಡಬ್ಬ, ಮ್ಯಾಟು ಬರೆದುಕೊಂಡ. ಹಿಡಿಸೂಡಿಯ ಚೀಲವನ್ನು ಬೆಳಕಿಗೆ ಹಿಡಿದು ಇದೇನು ಅಂತ ಕೇಳಿದ. ಪೊರಕೆ ಅಂದರು ಅಣ್ಣ. ಪೊರಕೆಯನ್ನು ಕಸದ ಬುಟ್ಟಿಗೇ ಹಾಕಬಹುದಲ್ಲ ಅಂದ. "ಇದನ್ನಲ್ಲ" ಅಂತ ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು.